ತೂತು ಬಕೆಟ್ ಇಟ್ಟುಕೊಂಡು ಕಂಟ್ರೋಲ್ ಥಿಯರಿ: ಮೊದಲಿನಿಂದ ಹಂತ ಹಂತವಾಗಿ

"ರೀ, ನಿಮ್ಮ ಟ್ಯಾಂಕ್ ತುಂಬಿ ನೀರು ಹೊಂಟಾವ್ರೀ!"

ಹುಬ್ಬಳ್ಳಿಯ ಯಾವ ಓಣಿಯಲ್ಲಾದರೂ ಬೆಳಿಗ್ಗೆ ಈ ಕೂಗು ಕೇಳುತ್ತದೆ. ಇಲ್ಲಿ ಎಷ್ಟೋ ಕಡೆ ನಲ್ಲಿ ನೀರು ದಿನಾ ಬರೋದಿಲ್ಲ. ಬಂದ ದಿನ ಸಂಪು ತುಂಬಿಸಬೇಕು, ಸಂಪಿನಿಂದ ಮೇಲಿನ ಟ್ಯಾಂಕಿಗೆ ಪಂಪ್ ಹೊಡೆಯಬೇಕು. ಪಂಪ್ ಹಚ್ಚಿ ಚಹಾ ಕುಡಿಯೋಕೆ ಕೂತರೆ ಮುಗೀತು, ಮರೆತೇ ಹೋಗುತ್ತದೆ. ಆಮೇಲೆ ಪಕ್ಕದ ಮನೆಯವರೇ ನಮಗೆ ಫೀಡ್‌ಬ್ಯಾಕ್.

ಈ ಮಾರ್ಗದರ್ಶಿಯ ವಿಷಯವೂ ಅದೇ. ಕಾಲ ಕಳೆದಂತೆ ಬದಲಾಗುವ ಒಂದು ವ್ಯವಸ್ಥೆ ಮುಂದೆ ಏನಾಗುತ್ತದೆ ಎಂದು ಲೆಕ್ಕ ಹಾಕುವುದು ಡೈನಾಮಿಕಲ್ ಸಿಸ್ಟಮ್ಸ್. ಅದನ್ನು ನಮಗೆ ಬೇಕಾದ ಕಡೆ ತಂದು ನಿಲ್ಲಿಸುವುದು ಕಂಟ್ರೋಲ್ ಥಿಯರಿ. ಪುಸ್ತಕ ತೆರೆದರೆ ಲಾಪ್ಲಾಸ್ ಟ್ರಾನ್ಸ್‌ಫಾರ್ಮ್‌ನಿಂದಲೇ ಶುರುವಾಗುತ್ತದೆ. ಅರ್ಧ ಜನ ಅಲ್ಲೇ ಪುಸ್ತಕ ಮುಚ್ಚುತ್ತಾರೆ. ನಾವು ಬಕೆಟ್‌ನಿಂದ ಶುರು ಮಾಡೋಣ.

ಮೊದಲು ಸಾಮಾನು ಹೊಂದಿಸಿಕೊಳ್ಳಿ

15 ಲೀಟರಿನ ಒಂದು ಹಳೇ ಬಕೆಟ್ ಬೇಕು. ಬಾಯಿಯಿಂದ ತಳದವರೆಗೆ ಹೆಚ್ಚುಕಮ್ಮಿ ಒಂದೇ ಅಗಲ, ಅಂದರೆ ಸುಮಾರು 25 ಸೆಂ.ಮೀ., ಇದ್ದರೆ ಒಳ್ಳೆಯದು. ತಳದ ಹತ್ತಿರ ಪಕ್ಕದಲ್ಲಿ 1 ಸೆಂ.ಮೀ. ತೂತು ಕೊರೆಯಿರಿ. ಒಳಗೆ ಒಂದು ಪ್ಲಾಸ್ಟಿಕ್ ಸ್ಕೇಲ್ ಅಂಟಿಸಿ. ತೂತಿನ ನಡುಭಾಗವೇ ಸೊನ್ನೆ. ಇಷ್ಟಕ್ಕೆ ಒಂದು ನಲ್ಲಿ, ಮೊಬೈಲಿನ ಸ್ಟಾಪ್‌ವಾಚ್, ಮತ್ತೆ ಎಕ್ಸೆಲ್ ಥರದ ಒಂದು ಆ್ಯಪ್ ಸೇರಿದರೆ ಸಾಕು. ತೂತಿನ ಕೆಳಗೆ ಇನ್ನೊಂದು ದೊಡ್ಡ ಪಾತ್ರೆ ಇಡೋದು ಮರೀಬೇಡಿ. ನಮ್ಮೂರಲ್ಲಿ ವಿಜ್ಞಾನದ ಹೆಸರಲ್ಲಿ ನೀರು ಚೆಲ್ಲಿದರೂ ಬೈಗುಳ ತಪ್ಪಿದ್ದಲ್ಲ.

ಹಂತ 1: ಸ್ಥಿತಿ ಯಾವುದು ಅಂತ ಗುರುತಿಸಿ

ನಾನು ಫೋನಿನಲ್ಲಿ ಕೇಳುತ್ತೇನೆ ಅಂದುಕೊಳ್ಳಿ: "ನಿಮ್ಮ ಬಕೆಟ್‌ನಲ್ಲಿ ಇನ್ನು ಐದು ನಿಮಿಷಕ್ಕೆ ನೀರು ಎಷ್ಟಿರುತ್ತದೆ?" ಉತ್ತರ ಹೇಳೋಕೆ ನಿಮಗೆ ಏನು ಗೊತ್ತಿರಬೇಕು? ಬೆಳಿಗ್ಗೆ ಎಷ್ಟು ತುಂಬಿಸಿದ್ದಿರಿ ಅನ್ನೋದು ಬೇಡ. ಈಗಿನ ಮಟ್ಟ ಗೊತ್ತಿರಬೇಕು, ನಲ್ಲಿ ಎಷ್ಟು ತೆರೆದಿರುತ್ತೀರಿ ಅಂತ ಗೊತ್ತಿರಬೇಕು. ಅಷ್ಟೆ. ಹಿಂದಿನ ಕಥೆಯೆಲ್ಲ ಈಗಿನ ಮಟ್ಟದಲ್ಲೇ ಅಡಗಿದೆ.

ಆ ಮಟ್ಟವೇ ಬಕೆಟ್‌ನ ಸ್ಥಿತಿ. ನಲ್ಲಿ ನಮ್ಮ ಕೈಯಲ್ಲಿದೆ, ಅದು ಇನ್‌ಪುಟ್. ಯಾರೋ ಬಂದು ಒಂದು ಚೊಂಬು ನೀರು ತೆಗೆದುಕೊಂಡು ಹೋದರೆ ಅದು ಅಡಚಣೆ. ಹೊಸ ಯಂತ್ರ ಯಾವುದೇ ಎದುರಿಗೆ ಬರಲಿ, ಮೊದಲ ಪ್ರಶ್ನೆ ಒಂದೇ: ಇದರೊಳಗೆ ಏನು ಶೇಖರವಾಗುತ್ತಿದೆ? ನೀರೋ, ಶಾಖವೋ, ವೇಗವೋ, ದುಡ್ಡೋ. ಶೇಖರವಾಗುವುದೇ ಸ್ಥಿತಿ.

ಹಂತ 2: ಜಮಾ-ಖರ್ಚು ಬರೆಯಿರಿ

ಡಿಫರೆನ್ಷಿಯಲ್ ಈಕ್ವೇಶನ್ ಅಂದರೆ ಹೆದರಬೇಡಿ. ಅದು ಕಿರಾಣಿ ಅಂಗಡಿಯ ಖಾತೆ. ಮಟ್ಟ ಏರುವ ವೇಗ = (ಬಂದ ನೀರು − ಹೋದ ನೀರು) ÷ ಬಕೆಟ್‌ನ ತಳದ ವಿಸ್ತೀರ್ಣ.

ಬಂದದ್ದು ನಲ್ಲಿಯಿಂದ. ಹೋದದ್ದು ಎಷ್ಟು? ತೂತಿನಿಂದ ಹೊರಬೀಳುವ ನೀರಿನ ವೇಗ ಮಟ್ಟದ ವರ್ಗಮೂಲದ ಪ್ರಕಾರ ಇರುತ್ತದೆ. ಇಟಲಿಯ ಟೊರಿಚೆಲ್ಲಿ 17ನೇ ಶತಮಾನದಲ್ಲೇ ಹೇಳಿದ ಮಾತು. ನಾವು ಕೊರೆದ ತೂತಿಗೆ ಲೆಕ್ಕ ಹೀಗೆ ಬರುತ್ತದೆ: ನಿಮಿಷಕ್ಕೆ ಹೋಗುವ ಲೀಟರ್ = 1.25 × √ಮಟ್ಟ. ಮಟ್ಟ ಸೆಂ.ಮೀ.ನಲ್ಲಿ. ನಿಮ್ಮ ತೂತಿನ ಅಂಚು ಒರಟಾಗಿದ್ದರೆ 1.25 ಬದಲು ಬೇರೇನೋ ಬರಬಹುದು, ಅಳೆದು ನೋಡಿ ಹಾಕಿಕೊಳ್ಳಿ.

ಈಗ ನಲ್ಲಿಯನ್ನು ನಿಮಿಷಕ್ಕೆ 2.5 ಲೀಟರ್ ಬರುವಂತೆ ಇಟ್ಟು ಸುಮ್ನೆ ಕೂತು ನೋಡಿ. ಮಟ್ಟ ಏರುತ್ತಾ ಹೋಗಿ 4 ಸೆಂ.ಮೀ.ನಲ್ಲಿ ನಿಲ್ಲುತ್ತದೆ. ಬಂದಷ್ಟೇ ಹೋಗುತ್ತಿದೆ. ಇದೇ ಸಮತೋಲನ. ನಲ್ಲಿಯನ್ನು ಎರಡು ಪಟ್ಟು, ಅಂದರೆ 5 ಲೀಟರ್ ಮಾಡಿ. ಮಟ್ಟ 8ಕ್ಕೆ ನಿಲ್ಲಬೇಕು ಅಲ್ವಾ? ಇಲ್ಲ, 16ಕ್ಕೆ ಹೋಗುತ್ತದೆ. ಎರಡು ಪಟ್ಟು ಕೊಟ್ಟರೆ ನಾಲ್ಕು ಪಟ್ಟು ಸಿಕ್ಕಿತು. ಇಂಥ ವ್ಯವಸ್ಥೆಗೆ ನಾನ್‌ಲೀನಿಯರ್ ಅನ್ನುತ್ತಾರೆ. ನಿಜ ಜೀವನದಲ್ಲಿ ಸಿಗುವುದು ಬಹುಪಾಲು ಇಂಥವೇ.

ಹಂತ 3: ಸ್ವಲ್ಪ ತಳ್ಳಿ ನೋಡಿ

ಮಟ್ಟ 16ರಲ್ಲಿ ನಿಂತಿರುವಾಗ ಒಂದು ಲೀಟರ್ ನೀರು ಒಮ್ಮೆಲೇ ಸುರಿಯಿರಿ. ಮಟ್ಟ 18ಕ್ಕೆ ಹೋಗುತ್ತದೆ. ಈಗ ಹೊರಹರಿವು 5.3 ಲೀಟರ್, ಒಳಹರಿವು 5 ಮಾತ್ರ. ಹೀಗಾಗಿ ಮಟ್ಟ ತಾನಾಗಿಯೇ ಇಳಿಯುತ್ತದೆ. ಯಾರೂ ನಲ್ಲಿ ಮುಟ್ಟಬೇಕಾಗಿಲ್ಲ. ತಳ್ಳಿದರೂ ವಾಪಸ್ ಬರುವುದೇ ಸ್ಥಿರ ಸಮತೋಲನ. ಅಂಗೈ ಮೇಲೆ ನಿಲ್ಲಿಸಿದ ಕಸಬರಿಗೆಗೂ ಒಂದು ಸಮತೋಲನ ಇದೆ, ಆದರೆ ಕೂದಲೆಳೆಯಷ್ಟು ವಾಲಿದರೂ ಅದು ವಾಪಸ್ ಬರುವುದಿಲ್ಲ.

ಎಷ್ಟು ಬೇಗ ವಾಪಸ್ ಬರುತ್ತದೆ? ಇಲ್ಲಿ ಸ್ಟಾಪ್‌ವಾಚ್ ತೆಗೆಯಿರಿ. 16ರ ಆಸುಪಾಸಿನಲ್ಲಿ 3.2 ನಿಮಿಷಕ್ಕೆ 63% ವ್ಯತ್ಯಾಸ ಅಳಿಯುತ್ತದೆ. 2 ಸೆಂ.ಮೀ. ಹೆಚ್ಚಿದ್ದದ್ದು ಮುಕ್ಕಾಲು ಸೆಂ.ಮೀ.ಗೆ ಬರುತ್ತದೆ. ಇದಕ್ಕೆ ಟೈಮ್ ಕಾನ್‌ಸ್ಟಂಟ್ ಅನ್ನುತ್ತಾರೆ. ಅದೇ ಬಕೆಟ್ 4 ಸೆಂ.ಮೀ.ನಲ್ಲಿ ನಿಂತಿದ್ದರೆ ಇದು 1.6 ನಿಮಿಷ ಮಾತ್ರ. ಎಲ್ಲಿ ನಿಂತಿದ್ದೀರಿ ಅನ್ನೋದರ ಮೇಲೆ ಬಕೆಟ್‌ನ ಸ್ವಭಾವವೇ ಬದಲಾಗುತ್ತದೆ. ಒಂದು ಸಮತೋಲನದ ಸುತ್ತ ಸಣ್ಣ ಜಾಗದಲ್ಲಿ ವಕ್ರರೇಖೆಯನ್ನು ನೇರಗೆರೆ ಅಂತ ಒಪ್ಪಿಕೊಂಡು ಲೆಕ್ಕ ಮಾಡುವುದೇ ಲೀನಿಯರೈಸೇಶನ್. ಸ್ಥಿರತೆಗೆ ಗಟ್ಟಿ ಗಣಿತ ಕೊಟ್ಟವರು ರಷ್ಯಾದ ಲ್ಯಾಪುನೋವ್, 1892ರಲ್ಲಿ.

ಹಂತ 4: ಪಂಚಮಿ ಜೋಕಾಲಿ

ಬಕೆಟ್‌ಗೆ ಒಂದೇ ಸಂಖ್ಯೆ ಸಾಕಾಯಿತು. ಜೋಕಾಲಿಗೆ ಸಾಲದು. ನಾಗರ ಪಂಚಮಿಗೆ ಹಾವೇರಿ ಕಡೆ ಬೇವಿನ ಮರಕ್ಕೆ ಹಗ್ಗ ಕಟ್ಟಿ ಜೀಕುವಾಗ ಒಂದು ಫೋಟೊ ತೆಗೆಯಿರಿ. ಜೋಕಾಲಿ ನಟ್ಟನಡುವೆ ಇದೆ. ಈಗ ಮುಂದೆ ಹೋಗುತ್ತಾ, ಹಿಂದೆ ಬರುತ್ತಾ? ಫೋಟೊ ನೋಡಿ ಹೇಳಲಾಗುವುದಿಲ್ಲ. ಜಾಗದ ಜೊತೆ ವೇಗವೂ ಬೇಕು. ಸ್ಥಿತಿ ಅಂದರೆ ಇಲ್ಲಿ ಎರಡು ಸಂಖ್ಯೆ.

ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಜಾಗ, ಉದ್ದಕ್ಕೆ ವೇಗ ಇಟ್ಟು ಚುಕ್ಕೆ ಹಾಕುತ್ತಾ ಹೋಗಿ. ಯಾರೂ ತಳ್ಳದಿದ್ದರೆ ಚುಕ್ಕೆಗಳು ಸುರುಳಿಯಾಗಿ ಒಳಗೆ ಬಂದು ನಡುವೆ ಸೇರುತ್ತವೆ. ಈ ಚಿತ್ರಕ್ಕೆ ಫೇಸ್ ಪೋರ್ಟ್ರೇಟ್ ಅಂತ ಹೆಸರು. ಸುರುಳಿ ಒಳಗೆ ಬರುತ್ತಾ, ಹೊರಗೆ ಹೋಗುತ್ತಾ, ಎಷ್ಟು ಬೇಗ ಸುತ್ತುತ್ತಾ ಅನ್ನೋದನ್ನು ಎರಡು ಸಂಖ್ಯೆಗಳಲ್ಲಿ ಹಿಡಿದಿಡುವುದೇ ಐಗನ್‌ವ್ಯಾಲ್ಯೂ. ಅವುಗಳಲ್ಲಿ ಹಿಗ್ಗು-ಕುಗ್ಗು ಹೇಳುವ ರಿಯಲ್ ಭಾಗ ಋಣಾತ್ಮಕ ಆಗಿದ್ದರೆ ಸುರುಳಿ ಒಳಗೆ. ಹಗ್ಗ 4 ಮೀಟರ್ ಇದ್ದರೆ ಒಂದು ಪೂರ್ತಿ ಜೀಕಿಗೆ ಸುಮಾರು 4 ಸೆಕೆಂಡ್. ಕೂತವರು ಹಗುರವೋ ಭಾರವೋ ಅನ್ನೋದು ಲೆಕ್ಕಕ್ಕಿಲ್ಲ.

ಹಂತ 5: ಆನ್-ಆಫ್, ಮತ್ತೆ ನಾನು ಸುಟ್ಟ ಕಾಂಟ್ಯಾಕ್ಟರ್

ಈಗ ಕಂಟ್ರೋಲ್. ಎಲ್ಲಕ್ಕಿಂತ ಸರಳವಾದದ್ದು ಇದು: ಮಟ್ಟ ಕಮ್ಮಿಯಾದರೆ ಪಂಪ್ ಆನ್, ತುಂಬಿದರೆ ಆಫ್. ನಮ್ಮ ಮನೆಯ 1000 ಲೀಟರ್ ಟ್ಯಾಂಕಿಗೆ ನಾನೇ ನೀರು ಮುಟ್ಟಿದ್ದನ್ನು ತಿಳಿಸುವ ಎರಡು ಪ್ರೋಬ್ ಇಳಿಬಿಟ್ಟು ಪ್ಯಾನೆಲ್ ಮಾಡಿದೆ. ಟ್ಯಾಂಕ್ ಯಾವಾಗಲೂ ತುಂಬಿರಲಿ ಅನ್ನೋ ಆಸೆಗೆ ಎರಡೂ ಪ್ರೋಬ್ ನಡುವೆ 2 ಸೆಂ.ಮೀ. ಅಂತರ ಮಾತ್ರ ಬಿಟ್ಟೆ. ತಪ್ಪು ನನ್ನದೇ.

2 ಸೆಂ.ಮೀ. ಅಂದರೆ ಆ ಟ್ಯಾಂಕಿನಲ್ಲಿ 17 ಲೀಟರ್, ಒಂದು ಬಕೆಟ್‌ಗಿಂತ ಸ್ವಲ್ಪ ಜಾಸ್ತಿ. ಬೆಳಿಗ್ಗೆ ಸ್ನಾನ, ಪಾತ್ರೆ, ಬಟ್ಟೆ ಒಟ್ಟಿಗೆ ನಡೆಯುವಾಗ ನಿಮಿಷಕ್ಕೆ 10 ಲೀಟರ್ ಹೋಗುತ್ತಿತ್ತು. ಪಂಪ್ ಎರಡೂವರೆ ನಿಮಿಷಕ್ಕೊಮ್ಮೆ ಟಕ್ ಅಂತ ಹತ್ತೋದು, ಟಕ್ ಅಂತ ಆರೋದು. ಅದರ ಮೇಲೆ ನೀರು ಬೀಳುವಾಗ ಏಳುವ ಅಲೆಗೆ ಪ್ರೋಬ್ ಒದ್ದೆ-ಒಣ ಆಗಿ ಪಂಪ್‌ಗೆ ಕರೆಂಟ್ ಕೊಡುವ ಸ್ವಿಚ್, ಅಂದರೆ ಕಾಂಟ್ಯಾಕ್ಟರ್, ಚಟಚಟ ಬಡಿದುಕೊಳ್ಳೋದು. ಒಂದು ತಿಂಗಳಿಗೆ ಸುಟ್ಟ ವಾಸನೆ ಬಂತು. ಬಿಚ್ಚಿ ನೋಡಿದರೆ ಕಾಂಟ್ಯಾಕ್ಟ್ ಬಿಂದುಗಳು ಕರಿಯ ಬಟಾಣಿ ಥರ ಆಗಿದ್ದವು.

ಪರಿಹಾರಕ್ಕೆ ಒಂದು ರೂಪಾಯಿ ಖರ್ಚಾಗಲಿಲ್ಲ. ಕೆಳಗಿನ ಪ್ರೋಬ್‌ನ ವೈರ್ ಉದ್ದ ಮಾಡಿ 20 ಸೆಂ.ಮೀ. ಅಂತರ ಕೊಟ್ಟೆ. ಆನ್ ಆಗುವ ಮಟ್ಟ ಬೇರೆ, ಆಫ್ ಆಗುವ ಮಟ್ಟ ಬೇರೆ. ಈ ಅಂತರವೇ ಹಿಸ್ಟರಿಸಿಸ್. ಫ್ರಿಜ್, ಇಸ್ತ್ರಿ ಪೆಟ್ಟಿಗೆ, ಗೀಸರ್ ಎಲ್ಲದರೊಳಗೂ ಇದು ಇದೆ. ನಿಖರತೆ ಸ್ವಲ್ಪ ಬಿಟ್ಟುಕೊಟ್ಟು ಯಂತ್ರದ ಆಯುಷ್ಯ ಕೊಂಡುಕೊಳ್ಳುವ ವ್ಯಾಪಾರ.

ಹಂತ 6: ಕೊರತೆಗೆ ತಕ್ಕಷ್ಟು ತಿರುಗಿಸಿ

ಮತ್ತೆ ಬಕೆಟ್‌ಗೆ ಬನ್ನಿ. ಗುರಿ 16 ಸೆಂ.ಮೀ. ಅರ್ಧ ನಿಮಿಷಕ್ಕೊಮ್ಮೆ ಮಟ್ಟ ನೋಡಿ ನಲ್ಲಿ ತಿರುಗಿಸುತ್ತೀರಿ. ನಲ್ಲಿಯ ಗರಿಷ್ಠ 10 ಲೀಟರ್, ಕನಿಷ್ಠ ಸೊನ್ನೆ. ಈ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಮಾಡಬಹುದು. ಬಕೆಟ್‌ನಲ್ಲಿ 1 ಸೆಂ.ಮೀ.ಗೆ ಅರ್ಧ ಲೀಟರ್ ಹಿಡಿಯುತ್ತದೆ, ಸಮಯವೂ ಅರ್ಧ ನಿಮಿಷ. ಹೀಗಾಗಿ ಸೂತ್ರ ಬಲು ಸುಲಭ:

ಹೊಸ ಮಟ್ಟ = ಹಳೆ ಮಟ್ಟ + ನಲ್ಲಿ − 1.25 × √ಹಳೆ ಮಟ್ಟ

ನಲ್ಲಿ = ಗೇನ್ × ಕೊರತೆ, ಕೊರತೆ = 16 − ಮಟ್ಟ. ಗೇನ್ ಅಂದರೆ ಒಂದು ಸೆಂ.ಮೀ. ಕೊರತೆಗೆ ನಲ್ಲಿ ಎಷ್ಟು ಲೀಟರ್ ತೆರೆಯಬೇಕು ಅನ್ನುವ ಸಂಖ್ಯೆ. ಇದೇ ಪ್ರೊಪೋರ್ಷನಲ್ ಕಂಟ್ರೋಲ್. ಖಾಲಿ ಬಕೆಟ್‌ನಿಂದ, ಗೇನ್ 1 ಇಟ್ಟು ಶುರು ಮಾಡಿ. ಸಾಲುಗಳು ಹೀಗೆ ಬರುತ್ತವೆ: 10, 12.0, 11.7, 11.7. ಚೆನ್ನಾಗಿ ನಿಂತಿತು, ಆದರೆ 4.3 ಸೆಂ.ಮೀ. ಕೆಳಗೆ! ಯಾಕೆ? ನಲ್ಲಿ ತೆರೆದಿರಬೇಕಾದರೆ ಕೊರತೆ ಇರಲೇಬೇಕು. ಕೊರತೆ ಸೊನ್ನೆಯಾದರೆ ನಲ್ಲಿ ಬಂದ್, ನಲ್ಲಿ ಬಂದ್ ಆದರೆ ಮತ್ತೆ ಇಳಿಯುತ್ತದೆ. ಹೀಗಾಗಿ ನಡುವೆ ಎಲ್ಲೋ ರಾಜಿ.

ಹಾಗಾದರೆ ಗೇನ್ ಜಾಸ್ತಿ ಮಾಡೋಣ, 2 ಇಡೋಣ. ಈಗ ಸಾಲುಗಳು: 10, 16.0, 11.0, 16.8, 11.7, 16.0, 11.0. ನಿಲ್ಲುವುದೇ ಇಲ್ಲ. ಒಮ್ಮೆ ನಲ್ಲಿ ಪೂರ್ತಿ ಬಂದ್, ಮರುಕ್ಷಣ ಹೆಚ್ಚುಕಮ್ಮಿ ಪೂರ್ತಿ ತೆರೆದದ್ದು. ನೀವು ನೋಡುವುದು ಅರ್ಧ ನಿಮಿಷಕ್ಕೊಮ್ಮೆ, ತಿರುಗಿಸುವುದು ಮಾತ್ರ ಸಿಟ್ಟಿನಿಂದ. ಈ ಬಕೆಟ್‌ಗೆ ಗೇನ್ ಮಿತಿ 1.83ರ ಹತ್ತಿರ. ಅದಕ್ಕಿಂತ ಮೇಲೆ ಹೋದರೆ ತೂಗಾಟ.

ಗದಗ ಕಡೆ ಹಳ್ಳಿಯ ಹಿಟ್ಟಿನ ಗಿರಣಿಯಲ್ಲಿ ಹಳೇ ಡೀಸೆಲ್ ಎಂಜಿನ್ ಕೇಳಿದವರಿಗೆ ಇದು ಕಿವಿಯಿಂದಲೇ ಗೊತ್ತು. ಜೋಳ ಸುರಿದ ತಕ್ಷಣ ಎಂಜಿನ್ ಸದ್ದು ಭಾರವಾಗುತ್ತದೆ, ಆಮೇಲೆ ವೇಗ ಕಾಯುವ ಗವರ್ನರ್ ಡೀಸೆಲ್ ಹೆಚ್ಚು ಬಿಡುತ್ತದೆ, ಆದರೂ ವೇಗ ಮೊದಲಿಗಿಂತ ಕೂದಲೆಳೆ ಕಮ್ಮಿ. ನಮ್ಮ 4.3 ಸೆಂ.ಮೀ.ನ ಅಣ್ಣ ಅದು. ಗವರ್ನರ್‌ನ ಸ್ಪ್ರಿಂಗ್ ಸರಿ ಇಲ್ಲದಿದ್ದರೆ ಎಂಜಿನ್ ಏರುತ್ತಾ ಇಳಿಯುತ್ತಾ ಢುಕುಢುಕು ಅನ್ನುತ್ತದೆ. ಮೆಕ್ಯಾನಿಕ್‌ಗಳು "ಹಂಟಿಂಗ್ ಆಗಾಕತ್ತೈತಿ" ಅನ್ನುತ್ತಾರೆ. ಜೇಮ್ಸ್ ವಾಟ್ ತಿರುಗುವ ಗುಂಡುಗಳ ಗವರ್ನರನ್ನು ಉಗಿ ಎಂಜಿನ್‌ಗೆ ಹಾಕಿದ್ದು 1788ರಲ್ಲಿ. ಕೆಲವು ಗವರ್ನರ್‌ಗಳು ಹೀಗೆ ಯಾಕೆ ತೂಗಾಡುತ್ತವೆ ಅಂತ ಗಣಿತದಲ್ಲಿ ಬಿಡಿಸಿ ಹೇಳಿದ್ದು ಮ್ಯಾಕ್ಸ್‌ವೆಲ್, 1868ರಲ್ಲಿ. ಎಂಬತ್ತು ವರ್ಷ ಎಂಜಿನ್‌ಗಳು ಸಿದ್ಧಾಂತ ಇಲ್ಲದೆಯೇ ಓಡಿದವು!

ಹಂತ 7: ಹಳೇ ಬಾಕಿ ಲೆಕ್ಕಕ್ಕೆ ಹಿಡಿಯಿರಿ

ಆ 4.3 ಸೆಂ.ಮೀ. ಹೇಗೆ ಹೋಗಿಸೋದು? ಎಕ್ಸೆಲ್‌ನಲ್ಲಿ ಇನ್ನೊಂದು ಕಾಲಂ ಮಾಡಿ. ಪ್ರತಿ ಸಾಲಿನ ಕೊರತೆಯನ್ನು ಕೂಡುತ್ತಾ ಹೋಗಿ. ಇದು ಬಾಕಿ ಪುಸ್ತಕ. ಈಗ ನಲ್ಲಿ = 0.5 × ಕೊರತೆ + 0.1 × ಬಾಕಿ ಮೊತ್ತ.

5 ನಿಮಿಷಕ್ಕೆ ಮಟ್ಟ 14.9, 10 ನಿಮಿಷಕ್ಕೆ 15.8, ಕೊನೆಗೆ 16. ಅಲ್ಲಿ ನಿಂತಾಗ ಬಾಕಿ ಕಾಲಂ ನೋಡಿ: 50. ಅದರ 0.1 ಪಟ್ಟು 5 ಲೀಟರ್. 16 ಸೆಂ.ಮೀ. ಹಿಡಿದಿಡೋಕೆ 5 ಲೀಟರ್ ಬೇಕು ಅಂತ ನಾವು ಎಲ್ಲೂ ಹೇಳಿಕೊಟ್ಟಿರಲಿಲ್ಲ. ಬಾಕಿ ಪುಸ್ತಕ ತಾನೇ ಕಂಡುಕೊಂಡಿದೆ. ತೂತಿನಲ್ಲಿ ಕಸ ಸಿಕ್ಕಿ 4 ಲೀಟರ್ ಸಾಕಾದರೆ ಅದು 40ಕ್ಕೆ ಇಳಿದು ನಿಲ್ಲುತ್ತದೆ. ಇಂಟಿಗ್ರಲ್ ಕಂಟ್ರೋಲ್ ಅಂದರೆ ಇದೇ. ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು.

ಆದರೆ ಬಾಕಿ ಪುಸ್ತಕಕ್ಕೆ ಒಂದು ಕೆಟ್ಟ ಚಾಳಿ ಇದೆ. ಸಂಖ್ಯೆಗಳನ್ನು 0.82 ಮತ್ತು 0.49 ಮಾಡಿ ಖಾಲಿ ಬಕೆಟ್‌ನಿಂದ ಓಡಿಸಿ. ಮಟ್ಟ: 10, 16.0, 21.0! 16 ಮುಟ್ಟಿದ ಮೇಲೂ ನಲ್ಲಿ ಪೂರ್ತಿ ತೆರೆದೇ ಇತ್ತು. ಶುರುವಿನಲ್ಲಿ ನಲ್ಲಿ 10ಕ್ಕಿಂತ ಹೆಚ್ಚು ಕೊಡಲಾರದೆ ಒದ್ದಾಡುತ್ತಿದ್ದಾಗ ಬಾಕಿ ಸುಮ್ನೆ ಏರುತ್ತಾ ಹೋಗಿತ್ತು. ಇದಕ್ಕೆ ವೈಂಡ್‌ಅಪ್ ಅನ್ನುತ್ತಾರೆ. ಮದ್ದು ಇಷ್ಟೆ: ನಲ್ಲಿ ಮಿತಿ ಮುಟ್ಟಿರುವಾಗ ಬಾಕಿ ಕೂಡಬೇಡಿ. ಅದೇ ಸಂಖ್ಯೆಗಳಿಗೆ ಈಗ 10, 13.9, 14.9, 15.5 ಬರುತ್ತದೆ. ಎರಡೇ ನಿಮಿಷ, ಗುರಿ ದಾಟಲಿಲ್ಲ.

ಹಂತ 8: ತಡ ಎಷ್ಟು ಅಂತ ಅಳೆಯಿರಿ

ಮೂರನೇ ಮಹಡಿಯ ಮೇಲೆ ಸೋಲಾರ್, ಸ್ನಾನದ ಮನೆ ಕೆಳಗೆ. ಬಿಸಿನೀರಿನ ನಲ್ಲಿ ತಿರುಗಿಸಿದರೆ ತಣ್ಣೀರೇ ಬರುತ್ತದೆ. ಇನ್ನಷ್ಟು ತಿರುಗಿಸುತ್ತೀರಿ. ಇನ್ನಷ್ಟು. ಆಮೇಲೆ ಒಮ್ಮೆಲೇ ಕುದಿಯುವ ನೀರು ಬಂದು ಮೈ ಸುಡುತ್ತದೆ, ಬಂದ್ ಮಾಡುತ್ತೀರಿ, ಮತ್ತೆ ತಣ್ಣೀರು. ತಪ್ಪು ನಲ್ಲಿಯದಲ್ಲ. ನಡುವಿನ ಪೈಪಿನಲ್ಲಿ ನಿಂತ ನೀರು ನಿಮಗೆ ಹಳೇ ಸುದ್ದಿ ಹೇಳುತ್ತಿದೆ.

ಎಕ್ಸೆಲ್‌ನಲ್ಲೂ ಇದನ್ನು ಮಾಡಿ ನೋಡಿ. ಬಾಕಿ ಕಾಲಂ ತೆಗೆದು ಹಂತ 6ರ ಸೂತ್ರಕ್ಕೆ ವಾಪಸ್ ಬನ್ನಿ. ನಲ್ಲಿಯ ಲೆಕ್ಕಕ್ಕೆ ಈಗಿನ ಮಟ್ಟದ ಬದಲು ಎರಡು ಸಾಲು ಹಿಂದಿನ ಮಟ್ಟ ಹಾಕಿ. ಅಂದರೆ ಒಂದು ನಿಮಿಷ ತಡ. 1.83 ಇದ್ದ ಗೇನ್ ಮಿತಿ ಈಗ 0.68ರ ಹತ್ತಿರಕ್ಕೆ ಬೀಳುತ್ತದೆ. ಆಗ ಚೆನ್ನಾಗಿ ನಿಂತಿದ್ದ ಗೇನ್ 1 ಈಗ ತೂಗಾಡುತ್ತದೆ. ಬಕೆಟ್ ಅದೇ, ತೂತು ಅದೇ, ನಲ್ಲಿ ಅದೇ. ಕಂಟ್ರೋಲ್ ಕೈಕೊಟ್ಟಾಗ ಜನ ದೊಡ್ಡ ಮೋಟಾರ್ ತರುತ್ತಾರೆ, ಜಾಸ್ತಿ ಗೇನ್ ಹಾಕುತ್ತಾರೆ. ನಾನು ಮೊದಲು ತಡ ಎಲ್ಲಿದೆ ಅಂತ ಹುಡುಕುತ್ತೇನೆ. ಸೆನ್ಸರನ್ನು ಒಂದಡಿ ಹತ್ತಿರ ತಂದರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ.

ಡೆರಿವೇಟಿವ್ ಅನ್ನುವ ಮೂರನೇ ಪದ ಇಲ್ಲಿ ಸಹಾಯಕ್ಕೆ ಬರುತ್ತದೆ. ಕೊರತೆ ಎಷ್ಟು ಬೇಗ ಇಳಿಯುತ್ತಿದೆ ಎಂದು ನೋಡಿ ಮೊದಲೇ ಬ್ರೇಕ್ ಹಾಕುವುದು. ಜೋಕಾಲಿ ನಿಲ್ಲಿಸೋಕೆ ಕಾಲು ನೆಲಕ್ಕೆ ಎಳೆದ ಹಾಗೆ. ಬಕೆಟ್‌ಗೆ ಇದು ಬೇಕಾಗಿಲ್ಲ, ಮೇಲಾಗಿ ನೀರಿನ ಸಣ್ಣ ಅಲೆಗೂ ಇದು ಬೆಚ್ಚಿಬೀಳುತ್ತದೆ. ಪ್ರೊಪೋರ್ಷನಲ್, ಇಂಟಿಗ್ರಲ್, ಡೆರಿವೇಟಿವ್ ಮೂರೂ ಸೇರಿದರೆ ಪಿಐಡಿ. ಹಡಗಿನ ಚುಕ್ಕಾಣಿ ಹಿಡಿಯುವವರು ಹೇಗೆ ತಿರುಗಿಸುತ್ತಾರೆ ಅಂತ ಗಮನಿಸಿ ಮಿನೋರ್‌ಸ್ಕಿ ಇದರ ವಿಶ್ಲೇಷಣೆ ಪ್ರಕಟಿಸಿದ್ದು 1922ರಲ್ಲಿ.

ಹಂತ 9: ಸಂಖ್ಯೆ ಎಲ್ಲಿಂದ ತರೋದು?

0.82 ಮತ್ತು 0.49 ನಾನು ಆಕಾಶದಿಂದ ಇಳಿಸಿದ್ದಲ್ಲ. ಝೀಗ್ಲರ್ ಮತ್ತು ನಿಕೋಲ್ಸ್ 1942ರಲ್ಲಿ ಕೊಟ್ಟ ಉಪಾಯ ಅದು. ಬಾಕಿ ಕಾಲಂ ಬಂದ್ ಮಾಡಿ, ಗೇನ್ ಏರಿಸುತ್ತಾ ಹೋಗಿ. ತೂಗಾಟ ಕುಗ್ಗದೆ, ಹಿಗ್ಗದೆ ನಡೆಯುವ ಗೇನ್ ಬರೆದುಕೊಳ್ಳಿ: 1.83. ಒಂದು ತೂಗಾಟಕ್ಕೆ ಹಿಡಿಯುವ ಸಮಯ: 1 ನಿಮಿಷ. ಗೇನ್‌ನ 0.45 ಪಟ್ಟು ತೆಗೆದುಕೊಂಡರೆ 0.82. ಸಮಯವನ್ನು 1.2ರಿಂದ ಭಾಗಿಸಿದರೆ 0.83 ನಿಮಿಷ. ಬಾಕಿಯ ಗುಣಕ = 0.82 × 0.5 ÷ 0.83, ಅಂದರೆ 0.49. ಇದು ಶುರು ಮಾಡೋಕೆ ಸರಿ, ಆಮೇಲೆ ಕೈಯಿಂದ ತಿದ್ದಬೇಕು. ದೊಡ್ಡ ಬಾಯ್ಲರ್‌ನಂಥ ಯಂತ್ರವನ್ನು ಬೇಕಂತಲೇ ತೂಗಾಡಿಸಲು ಮಾತ್ರ ಹೋಗಬೇಡಿ.

ಹಂತ 10: ಕಾಣದ ಸ್ಥಿತಿಯನ್ನು ಊಹಿಸಿ

ಬಕೆಟ್‌ನ ಸ್ಕೇಲ್ ಕಣ್ಣಿಗೆ ಕಾಣುತ್ತಿತ್ತು. ಸಂಪಿನ ಮಟ್ಟ ಕಾಣೋದಿಲ್ಲ, ಮೇಲೆ ಕಲ್ಲು ಚಪ್ಪಡಿ ಇದೆ. ಆಗ ಏನು ಮಾಡೋದು? ಪಂಪ್ ಎಷ್ಟು ನಿಮಿಷ ಓಡಿತು ಅಂತ ಬರೆದಿಟ್ಟುಕೊಂಡು, ಎಷ್ಟು ನೀರು ಹೋಗಿರಬೇಕು ಅಂತ ಲೆಕ್ಕ ಕಳೆಯುತ್ತಾ ಹೋಗೋದು. ಆದರೆ ದಿನ ಕಳೆದಂತೆ ಲೆಕ್ಕ ಜಾರುತ್ತದೆ. ಆಗಾಗ ಚಪ್ಪಡಿ ಸರಿಸಿ ಕೋಲು ಇಳಿಬಿಟ್ಟು ನೋಡಬೇಕು. ಕೋಲೂ ಪೂರ್ತಿ ನಂಬಿಕಸ್ಥ ಅಲ್ಲ: ವಾರೆ ಇಳಿಯುತ್ತದೆ, ತಳದಲ್ಲಿ ರಾಡಿ ಇರುತ್ತದೆ. ಲೆಕ್ಕವನ್ನು ಎಷ್ಟು ನಂಬಬೇಕು, ಕೋಲನ್ನು ಎಷ್ಟು ನಂಬಬೇಕು ಅಂತ ತೂಗಿ ಎರಡನ್ನೂ ಬೆರೆಸುವ ಗಣಿತವನ್ನು ಕಾಲ್ಮನ್ 1960ರಲ್ಲಿ ಕೊಟ್ಟರು. ಚಂದ್ರನತ್ತ ಹೋದ ಅಪೊಲೊ ನೌಕೆಗಳೂ ತಾವು ಎಲ್ಲಿದ್ದೇವೆ ಅಂತ ತಿಳಿಯೋಕೆ ಇದನ್ನೇ ಬಳಸಿದವು.

ನಮ್ಮ ಸಂಪಿಗೆ ಈಗ ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಹೋದ ಸಲ ಲೆಕ್ಕ ಹೇಳಿದ್ದು 90 ಸೆಂ.ಮೀ., ಕೋಲು ಹೇಳಿದ್ದು 84. ನಾನು 86 ಅಂತ ಬರೆದುಕೊಂಡೆ.